ಪ್ಲಾಸ್ಟಿಕ್ ಕಸಕ್ಕೆ ಹೊಸ ರೂಪ: ವಿದ್ಯಾರ್ಥಿ ತಂಡಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಎಸ್‌ಎಸ್ ಘಟಕಗಳು, ಹೈಸ್ಕೂಲಿನ ಇಕೋ ಕ್ಲಬ್‌ಗಳು, ಹಾಸ್ಟೆಲಿನ ಗೆಳೆಯರ ಗುಂಪುಗಳು ಪ್ಲಾಸ್ಟಿಕ್ ಕಸದಿಂದ ಉಪಯುಕ್ತ ವಸ್ತು ಮಾಡಲು ಹೊರಟಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮುಖ್ಯೋಪಾಧ್ಯಾಯರು ಮತ್ತು ಪೋಷಕರು ಕೇಳುವ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದವರು ಎರಡನೆಯ ಪ್ರಶ್ನೆಯನ್ನು ಮತ್ತು ಕರಗಿಸುವ ಕುರಿತ ಪ್ರಶ್ನೆಯನ್ನು ಮಾತ್ರ ತಪ್ಪದೆ ಓದಿ.

ಅಪ್‌ಸೈಕ್ಲಿಂಗ್ ಎಂದರೆ ಮರುಬಳಕೆಯೇ ತಾನೇ?

ಹತ್ತಿರದ ಸಂಬಂಧಿ, ಆದರೆ ಎರಡೂ ಒಂದೇ ಅಲ್ಲ. ಪ್ಲಾಸ್ಟಿಕ್ಕಿನ ಮರುಬಳಕೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ನಡೆಯುತ್ತದೆ. ಕಸವನ್ನು ಚೂರು ಮಾಡಿ, ತೊಳೆದು, ಕರಗಿಸಿ, ಕಾಳಿನ ರೂಪಕ್ಕೆ ತಂದು ಅದರಿಂದ ಬಕೆಟ್ಟು, ಕೊಳವೆ, ಕುರ್ಚಿ ಮಾಡುತ್ತಾರೆ. ಪ್ರತಿ ಸಲ ಕರಗಿಸಿದಾಗಲೂ ಪ್ಲಾಸ್ಟಿಕ್ಕಿನ ಗುಣಮಟ್ಟ ಒಂದಿಷ್ಟು ಇಳಿಯುತ್ತದೆ. ಅಪ್‌ಸೈಕ್ಲಿಂಗ್‌ನಲ್ಲಿ ಕಸ ಇದ್ದ ಹಾಗೆಯೇ ಇರುತ್ತದೆ. ಕತ್ತರಿಸಿ, ಹೆಣೆದು, ಹೊಲಿದು, ತುರುಕಿ ಅದಕ್ಕೆ ಮೊದಲಿಗಿಂತ ಹೆಚ್ಚಿನ ಬೆಲೆ ಬರುವ ಹಾಗೆ ಮಾಡುತ್ತೇವೆ. ಕೈಕೆಲಸ, ತಾಳ್ಮೆ ಮತ್ತು ನಾಲ್ಕಾರು ಜನರ ಜೊತೆಗಾರಿಕೆ ಇದರ ಬಂಡವಾಳ. ವಿದ್ಯಾರ್ಥಿಗಳಿಗೆ ಇದು ಹೊಂದುವುದು ಅದಕ್ಕಾಗಿಯೇ.

ಯಾವ ಪ್ಲಾಸ್ಟಿಕ್ಕನ್ನು ಆರಿಸಿಕೊಳ್ಳಬೇಕು?

ಗುಜರಿಯವರು ಬೇಡ ಎನ್ನುವುದನ್ನು. ಯೋಜನೆಯ ಅಡಿಪಾಯವೇ ಇದು ಎಂದು ನಾನು ನಂಬುತ್ತೇನೆ.

ಬಹಳಷ್ಟು ತಂಡಗಳು ಮೊದಲು ಕೈ ಹಾಕುವುದು ನೀರಿನ ಬಾಟಲಿಗೆ. ಅದನ್ನು ಅರ್ಧಕ್ಕೆ ಕತ್ತರಿಸಿ, ಬಣ್ಣ ಬಳಿದು, ಮಣ್ಣು ತುಂಬಿ, ಒಂದು ಸಸಿ ನೆಟ್ಟು ಫೋಟೊ ತೆಗೆಯುತ್ತಾರೆ. ಆದರೆ ಆ ಬಾಟಲಿ ಪೆಟ್ ಪ್ಲಾಸ್ಟಿಕ್ಕಿನದು; ಗುಜರಿ ಅಂಗಡಿಯಲ್ಲಿ ಅದಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡಿದೆ, ಮುಂದೆ ಅದು ಪಾಲಿಯೆಸ್ಟರ್ ನೂಲಾಗುತ್ತದೆ. ಬಣ್ಣ ಬಳಿದು ಮಣ್ಣು ತುಂಬಿದ ಬಾಟಲಿಯನ್ನು ಯಾವ ಗುಜರಿಯವರೂ ಕೊಳ್ಳುವುದಿಲ್ಲ. ಬೆಲೆಯಿದ್ದ ವಸ್ತುವನ್ನು ನಾವೇ ಕೈಯಾರೆ ಕಸವಾಗಿಸಿದಂತಾಯಿತು. ಜೊತೆಗೆ ಆ ಬಾಟಲಿಗಳನ್ನು ಆಯ್ದು ಮಾರಿ ಸಂಜೆಯ ಅಕ್ಕಿ ಬೇಳೆ ಕೊಳ್ಳುವ ಕುಟುಂಬದ ಸಂಪಾದನೆಗೂ ಕೈ ಹಾಕಿದಂತಾಯಿತು. ಹಾಲಿನ ಕವರಿಗೂ ಇದೇ ಮಾತು. ಸೀಳಿ, ತೊಳೆದು, ಒಣಗಿಸಿ ಕೊಟ್ಟರೆ ಅದನ್ನು ಕೊಳ್ಳುವವರಿದ್ದಾರೆ.

ಹಾಗಾದರೆ ಯಾರಿಗೂ ಬೇಡವಾದದ್ದು ಯಾವುದು? ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಹೊದಿಕೆ, ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ನೂಡಲ್ಸ್ ಕವರ್. ಇವುಗಳಲ್ಲಿ ಹೆಚ್ಚಿನವು ಹಲವು ಪದರಗಳ ಹಾಳೆಗಳು. ಎರಡು ಮೂರು ಬಗೆಯ ಪ್ಲಾಸ್ಟಿಕ್ಕು, ನಡುವೆ ಅಲ್ಯೂಮಿನಿಯಮ್ಮಿನ ತೆಳ್ಳನೆಯ ಲೇಪ. ಪದರಗಳು ಒಂದಕ್ಕೊಂದು ಎಷ್ಟು ಗಟ್ಟಿಯಾಗಿ ಅಂಟಿರುತ್ತವೆ ಎಂದರೆ ಬೇರ್ಪಡಿಸುವ ಖರ್ಚು ಮಾಲಿನ ಬೆಲೆಯನ್ನು ಮೀರುತ್ತದೆ. ನಿಮ್ಮೂರಿನ ಗುಜರಿ ಅಂಗಡಿಗೆ ಹೋಗಿ ಒಂದು ಕಂತೆ ಮಿಶ್ರ ಪ್ಲಾಸ್ಟಿಕ್ ಕೊಟ್ಟು ನೋಡಿ. ಅಲ್ಲಿನವರು ಲೇಬಲ್ ಓದುವುದಿಲ್ಲ. ಒಂದೊಂದನ್ನೇ ಮುಷ್ಟಿಯಲ್ಲಿ ಹಿಸುಕುತ್ತಾರೆ. ಅದರ ಸದ್ದು ಕೇಳಿಯೇ ಇದು ಬೇಕು, ಇದು ಬೇಡ ಎಂದು ಎರಡು ಗುಡ್ಡೆ ಮಾಡಿಬಿಡುತ್ತಾರೆ. ಬೇಡವಾದ ಗುಡ್ಡೆಯೇ ನಿಮ್ಮ ಕಚ್ಚಾ ಮಾಲು. ಇಲ್ಲವಾದರೆ ಅದು ಚರಂಡಿ ಸೇರುತ್ತದೆ, ಬೀದಿ ಬದಿಯಲ್ಲಿ ಬೆಂಕಿಗೆ ಬೀಳುತ್ತದೆ, ಉಪ್ಪು ಖಾರದ ವಾಸನೆಗೆ ಬಂದ ದನದ ಹೊಟ್ಟೆ ಸೇರುತ್ತದೆ.

ಪ್ಲಾಸ್ಟಿಕ್ಕಿನ ಜಾತಿಗಳನ್ನು ಗುರುತಿಸುವುದು ಹೇಗೆ?

ಡಬ್ಬಿ, ಬಾಟಲಿಗಳ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಎಂದರೆ ಪೆಟ್, ನೀರು ಮತ್ತು ತಂಪು ಪಾನೀಯದ ಬಾಟಲಿ. 2 ಎಂದರೆ ಎಚ್‌ಡಿಪಿಇ, ಅಂದರೆ ಶಾಂಪೂ ಬಾಟಲಿ, ಫಿನಾಯಿಲ್ ಡಬ್ಬಿಯಂಥವು. 3 ಪಿವಿಸಿ. 4 ಎಲ್‌ಡಿಪಿಇ, ತೆಳುವಾದ ಕವರುಗಳು. 5 ಪಾಲಿಪ್ರೊಪಿಲೀನ್, ಊಟ ಕಟ್ಟಿಕೊಡುವ ಡಬ್ಬಿ ಮತ್ತು ಅನೇಕ ಮುಚ್ಚಳಗಳು. 6 ಪಾಲಿಸ್ಟೈರೀನ್, ನಮ್ಮ ಥರ್ಮಾಕೋಲ್ ಇದೇ ಕುಲದ್ದು. ಉಳಿದದ್ದೆಲ್ಲ 7.

ಅಂಕಿ ಅಳಿಸಿಹೋಗಿದ್ದರೆ ಒಂದು ಬಕೆಟ್ ನೀರು ಸಾಕು. ಒಂದು ಚೂರನ್ನು ಕತ್ತರಿಸಿ, ಗಾಳಿಯ ಗುಳ್ಳೆ ಅಂಟದಂತೆ ಒದ್ದೆ ಮಾಡಿ, ನೀರಿನೊಳಗೆ ಅದುಮಿ ಬಿಡಿ. ಪಾಲಿಥಿನ್ (ಅಂದರೆ 2 ಮತ್ತು 4) ಹಾಗೂ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ಮೇಲೆ ಬರುತ್ತವೆ. ಪೆಟ್ ಮತ್ತು ಪಿವಿಸಿ ತಳ ಸೇರುತ್ತವೆ. ಎಂಟನೆಯ ತರಗತಿಯ ಮಕ್ಕಳಿಗೆ ಸಾಂದ್ರತೆಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಮಾಡುವುದು ಕಷ್ಟ. ಬೆಂಕಿ ಹಚ್ಚಿ ವಾಸನೆ ನೋಡಿ ಗುರುತಿಸುವ ಪದ್ಧತಿಯೊಂದು ಚಾಲ್ತಿಯಲ್ಲಿದೆ. ಅದನ್ನು ಮಾಡಬೇಡಿ, ಮಕ್ಕಳಿಂದ ಮಾಡಿಸಲೂ ಬೇಡಿ.

ಮಕ್ಕಳು ಮುಂದೆ ನಿಂತು ನಡೆಸಿದ ಯೋಜನೆಗಳು ನಿಜವಾಗಿ ಎಲ್ಲಾದರೂ ಉಳಿದಿವೆಯೇ?

ಉಳಿದಿವೆ. ಅಸ್ಸಾಮಿನ ಗುವಾಹಟಿಯ ಹೊರವಲಯದಲ್ಲಿ ಪಾಮೋಹಿ ಎಂಬ ಊರಿದೆ. ಅಲ್ಲಿ ಮಾಜಿನ್ ಮುಖ್ತಾರ್ ಮತ್ತು ಪರ್ಮಿತಾ ಶರ್ಮಾ 2016ರಲ್ಲಿ ಅಕ್ಷರ್ ಎಂಬ ಶಾಲೆ ತೆರೆದರು. ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳಲು ಸುತ್ತಲಿನ ಮನೆಗಳಲ್ಲಿ ಪ್ಲಾಸ್ಟಿಕ್ ಸುಡುತ್ತಿದ್ದರು, ಹೊಗೆ ತರಗತಿಯೊಳಗೂ ನುಗ್ಗುತ್ತಿತ್ತು. ಸುಡಬೇಡಿ ಎಂದು ಹೇಳಿದ್ದರಿಂದ ಏನೂ ಆಗಲಿಲ್ಲ. ಆಗ ಶಾಲೆಯವರು ಪ್ಲಾಸ್ಟಿಕ್ಕನ್ನೇ ಶುಲ್ಕವನ್ನಾಗಿ ಮಾಡಿದರು. ಪ್ರತಿ ಮಗುವೂ ವಾರಕ್ಕೆ 25 ಪ್ಲಾಸ್ಟಿಕ್ ವಸ್ತುಗಳನ್ನು ಮನೆಯಿಂದ ತರಬೇಕು. ಮಕ್ಕಳು ಅದನ್ನು ಬಾಟಲಿಗಳಿಗೆ ಗಟ್ಟಿಯಾಗಿ ತುರುಕಿ ಇಟ್ಟಿಗೆಯಂಥ ಇಕೋ ಬ್ರಿಕ್ ಮಾಡಿ ಶಾಲೆಯ ಆವರಣದಲ್ಲೇ ಬಳಸತೊಡಗಿದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಪಾಠ ಹೇಳಿ ಅದಕ್ಕೆ ಸಂಭಾವನೆ ಪಡೆಯುವ ವ್ಯವಸ್ಥೆಯೂ ಅಲ್ಲಿದೆ. ಕಲ್ಲಿನ ಕ್ವಾರಿಗೆ ಕೂಲಿಗೆ ಹೋಗುತ್ತಿದ್ದ ಮಕ್ಕಳನ್ನು ಶಾಲೆಯಲ್ಲಿ ಹಿಡಿದು ನಿಲ್ಲಿಸಲು ಆ ಸಂಭಾವನೆ ನೆರವಾಯಿತು.

ದೂರದ ಗ್ವಾಟೆಮಾಲಾದ ಗ್ರಾನಾಡೋಸ್ ಎಂಬ ಪಟ್ಟಣದಲ್ಲಿ ಅರ್ಧಕ್ಕೇ ನಿಂತಿದ್ದ ಶಾಲಾ ಕೊಠಡಿಗಳ ಗೋಡೆಯನ್ನು 2009ರಲ್ಲಿ ಇಂಥದೇ ಬಾಟಲಿಗಳಿಂದ ತುಂಬಿಸಿದರು. ಬಾಟಲಿಗಳಿಗೆ ಕಸ ತುರುಕಿದವರಲ್ಲಿ ಆ ಶಾಲೆಯ ಮಕ್ಕಳೇ ಮುಂದಿದ್ದರು. ಅಲ್ಲಿಂದ ಮುಂದೆ ಆ ದೇಶದ ಅನೇಕ ಊರುಗಳಲ್ಲಿ ಬಾಟಲಿ ಶಾಲೆಗಳು ಎದ್ದವು.

ಈ ಎರಡು ಕಡೆಯೂ ನನ್ನ ಗಮನ ಸೆಳೆಯುವ ಸಂಗತಿ ಒಂದೇ. ಊರಿಗೆ ಮೊದಲೇ ಒಂದು ಕೊರತೆ ಇತ್ತು. ಒಂದು ಕಡೆ ಹೊಗೆ, ಇನ್ನೊಂದು ಕಡೆ ಗೋಡೆಯಿಲ್ಲದ ಕೊಠಡಿ. ಪ್ಲಾಸ್ಟಿಕ್ ಆ ಕೊರತೆಗೆ ಉತ್ತರವಾಗಿ ಬಂತು. ವಸ್ತು ಮಾಡಿ ಆಮೇಲೆ ಅದರ ಉಪಯೋಗ ಹುಡುಕಿದವರು ಅವರಲ್ಲ.

ಇಕೋ ಬ್ರಿಕ್ ಮಾಡುವ ಸರಿಯಾದ ಕ್ರಮ ಯಾವುದು?

ನೋಡಲು ಸುಲಭ, ಮಾಡಲು ಶ್ರಮದ ಕೆಲಸ. ಪೊಟ್ಟಣಗಳನ್ನು ಸೀಳಿ, ಸಾಬೂನು ನೀರಿನಲ್ಲಿ ಎಣ್ಣೆಯ ಜಿಡ್ಡು ಹೋಗುವಂತೆ ತೊಳೆದು, ಗರಿಗರಿಯಾಗುವ ತನಕ ಒಣಗಿಸಿ. ಹಸಿ ಉಳಿದರೆ ಬಾಟಲಿಯೊಳಗೆ ಸೂಕ್ಷ್ಮಜೀವಿಗಳು ಬೆಳೆದು ಅನಿಲ ಹುಟ್ಟುತ್ತದೆ, ಕೆಲವು ತಿಂಗಳಲ್ಲಿ ಬಾಟಲಿ ಊದಿಕೊಳ್ಳುತ್ತದೆ. ಬಾಟಲಿಯ ಬಾಯಿಯ ಅರ್ಧದಷ್ಟು ದಪ್ಪದ ಬಿದಿರಿನ ಕೋಲು ತೆಗೆದುಕೊಂಡು ತುದಿಯನ್ನು ದುಂಡಗೆ ಉಜ್ಜಿಕೊಳ್ಳಿ. ಚೂಪಾಗಿದ್ದರೆ ಬಾಟಲಿ ತೂತಾಗುತ್ತದೆ. ಮೊದಲು ಮೃದುವಾದ ಕವರನ್ನು ತಳದ ಉಬ್ಬು ತಗ್ಗುಗಳಿಗೆ ಒತ್ತಿ, ಆಮೇಲೆ ಗಡಸು ಪೊಟ್ಟಣಗಳನ್ನು ಸಣ್ಣಗೆ ಕತ್ತರಿಸಿ, ಬಾಟಲಿಯನ್ನು ಸುತ್ತ ತಿರುಗಿಸುತ್ತ ಅಂಚಿನಿಂದ ನಡುವಿಗೆ ತುರುಕಬೇಕು.

ಎಷ್ಟು ತುಂಬಿದರೆ ಸಾಕು? ತಕ್ಕಡಿ ಹೇಳುತ್ತದೆ. ಪ್ರತಿ ಮಿಲಿಲೀಟರಿಗೆ ಕನಿಷ್ಠ 0.33 ಗ್ರಾಂ ಇರಬೇಕೆಂಬುದು ಜಗತ್ತಿನಾದ್ಯಂತ ಇಕೋ ಬ್ರಿಕ್ ಮಾಡುವವರು ಒಪ್ಪಿಕೊಂಡ ಅಳತೆ. ಅಂದರೆ ಒಂದು ಲೀಟರಿನ ಬಾಟಲಿ ಕಡಿಮೆಯೆಂದರೂ 330 ಗ್ರಾಂ ತೂಗಬೇಕು. ಒಂದು ಸಣ್ಣ ಚಿಪ್ಸ್ ಪೊಟ್ಟಣ ಎರಡು ಮೂರು ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೂ ನೂರಕ್ಕೂ ಹೆಚ್ಚು ಪೊಟ್ಟಣಗಳು ಒಂದೇ ಬಾಟಲಿಯೊಳಗೆ ಹೋಗಬೇಕಾಗುತ್ತದೆ. ಕೈಯಲ್ಲಿ ಅದುಮಿದರೆ ತಗ್ಗದಂತಿರಬೇಕು. ತಗ್ಗುವ ಬಾಟಲಿಯನ್ನು ಮತ್ತೆ ಮಕ್ಕಳ ಕೈಗೆ ಕೊಡಿ, ಅವರೇ ತುಂಬುತ್ತಾರೆ. ಮಾಡಿದವರ ಹೆಸರು, ತೂಕ, ತಿಂಗಳು ಬರೆದು ಅಂಟಿಸುವುದು ಒಳ್ಳೆಯದು. ಯಾವುದು ಸಡಿಲವಾಗಿದೆ ಎಂದು ಆಮೇಲೆ ಪತ್ತೆ ಹಚ್ಚಲು ಅನುಕೂಲ.

ಪೆಟ್ ಬಾಟಲಿಗೆ ಬೆಲೆಯಿದೆ ಎಂದಿರಲ್ಲ, ಇದಕ್ಕೂ ಅದೇ ಬಾಟಲಿ ಬೇಕಲ್ಲ ಎಂದು ಚುರುಕಾದ ಮಕ್ಕಳು ಕೇಳುತ್ತಾರೆ. ನಿಜ. ಒಂದು ಬಾಟಲಿಯನ್ನು ಒತ್ತೆಯಿಟ್ಟು ನೂರು ಪೊಟ್ಟಣಗಳನ್ನು ಹಿಡಿದಿಡುತ್ತೇವೆ ಎಂಬುದಷ್ಟೇ ಇದಕ್ಕಿರುವ ಸಮರ್ಥನೆ. ಆದ್ದರಿಂದಲೇ ಸಡಿಲವಾಗಿ ತುಂಬಿದ ಇಕೋ ಬ್ರಿಕ್ಕಿಗೆ ಯಾವ ಸಮರ್ಥನೆಯೂ ಇಲ್ಲ. ಬಾಟಲಿ ಬೇಕೆಂದು ತಂಪು ಪಾನೀಯ ಕೊಂಡು ಕುಡಿಯುವುದಂತೂ ಕೂಡದು.

ಇಕೋ ಬ್ರಿಕ್ಕಿನಿಂದ ಗೋಡೆ ಕಟ್ಟಬಹುದೇ?

ಭಾರ ಹೊರುವ ಗೋಡೆ ಬೇಡ. ಗ್ವಾಟೆಮಾಲಾದಲ್ಲೂ ಚಾವಣಿಯ ಭಾರ ಹೊತ್ತದ್ದು ಕಾಂಕ್ರೀಟಿನ ಕಂಬ ಮತ್ತು ತೊಲೆಗಳು. ಅವುಗಳ ನಡುವೆ ತಂತಿಬಲೆ ಕಟ್ಟಿ ಬಾಟಲಿ ಪೇರಿಸಿ ಎರಡೂ ಬದಿಗೆ ಗಾರೆ ಮಾಡಿದರು. ವಿದ್ಯಾರ್ಥಿ ತಂಡಗಳಿಗೆ ಕುಳಿತುಕೊಳ್ಳುವ ಕಟ್ಟೆ, ಹೂವಿನ ಮಡಿಯ ಅಂಚು, ಗಿಡದ ಸುತ್ತಲಿನ ಕಟ್ಟೆ ಸಾಕು. ಬಾಟಲಿ ಹೊರಗೆ ಕಾಣಿಸಿದರೆ ಚೆಂದ ಎಂದು ಹಾಗೇ ಬಿಡಬೇಡಿ. ಬಿಸಿಲಿಗೆ ಪ್ಲಾಸ್ಟಿಕ್ ಪುಡಿಪುಡಿಯಾಗಿ ಮಣ್ಣಿಗೆ ಸೇರುತ್ತದೆ, ಬೆಂಕಿಯ ಅಪಾಯವೂ ಇದೆ. ಪೂರ್ತಿ ಮುಚ್ಚುವಂತೆ ಮಣ್ಣಿನ ಅಥವಾ ಸಿಮೆಂಟಿನ ಗಾರೆ ಮೆತ್ತಿ. ಈ ಕೆಲಸಕ್ಕೆ ಊರಿನ ಗಾರೆ ಮೇಸ್ತ್ರಿಯನ್ನು ಕರೆದು ಪಕ್ಕದಲ್ಲಿ ನಿಂತು ಕಲಿಯಿರಿ.

ಪೊಟ್ಟಣಗಳನ್ನು ಹೆಣೆದು ಚೀಲ, ಚಾಪೆ ಮಾಡುವುದು ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು, ಏಕೆಂದರೆ ಇಲ್ಲಿ ಊರಿನ ಹಳೆಯ ಕಸುಬು ಮಕ್ಕಳ ಕೈಗೆ ಬರುತ್ತದೆ.

ಮೂರು ಬಗೆಗಳಿವೆ. ಮೊದಲನೆಯದು ವೈರ್ ಬುಟ್ಟಿಯ ಹೆಣಿಗೆ. ನಿಮ್ಮ ಅಜ್ಜಿಯರಲ್ಲಿ ಯಾರಾದರೊಬ್ಬರಿಗೆ ಇದು ಬಂದೇ ಬರುತ್ತದೆ. ಪೊಟ್ಟಣವನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿ, ಎರಡೂ ಅಂಚನ್ನು ಒಳಕ್ಕೆ ಮಡಚಿ, ಮತ್ತೆ ನಡುವೆ ಮಡಚಿದರೆ ನಾಲ್ಕು ಪದರದ ಗಟ್ಟಿ ಪಟ್ಟಿ ಸಿಗುತ್ತದೆ. ಅದನ್ನು ವೈರಿನ ಹಾಗೆ ಬಳಸಬಹುದು. ಎರಡನೆಯದು ಕ್ರೋಶಾ. ತೆಳುವಾದ ಕೈಚೀಲವನ್ನು ಮಡಚಿ ಅಡ್ಡಕ್ಕೆ ಕತ್ತರಿಸಿದರೆ ಉಂಗುರಗಳಾಗುತ್ತವೆ. ಒಂದಕ್ಕೊಂದು ಉಂಗುರ ಸಿಕ್ಕಿಸಿ ಎಳೆದರೆ ನೂಲಿನಂಥ ಉದ್ದನೆಯ ಎಳೆ. ಉಳಿದದ್ದನ್ನು ಕ್ರೋಶಾ ಕಡ್ಡಿ ನೋಡಿಕೊಳ್ಳುತ್ತದೆ.

ಮೂರನೆಯದು ಮಗ್ಗ. ಹಾಸಿಗೆ, ಅಂದರೆ ಉದ್ದದ ಎಳೆಗಳಿಗೆ, ಹತ್ತಿಯ ನೂಲು; ಹೊಕ್ಕಿಗೆ, ಅಂದರೆ ಅಡ್ಡ ಎಳೆಗಳಿಗೆ, ಪ್ಲಾಸ್ಟಿಕ್ ಪಟ್ಟಿ. ಪುಣೆಯ ರಿಚರ್ಖಾ ಸಂಸ್ಥೆ ಚರಕದ ಮೇಲೆ ಪ್ಲಾಸ್ಟಿಕ್ ಪಟ್ಟಿಗಳನ್ನು ಸುತ್ತಿಕೊಂಡು ಕೈಮಗ್ಗದಲ್ಲಿ ಇದೇ ರೀತಿ ನೇಯಿಸಿ ಚೀಲಗಳನ್ನು ಮಾಡುತ್ತದೆ. ಇಳಕಲ್, ಗಜೇಂದ್ರಗಡದ ಕಡೆಯ ವಿದ್ಯಾರ್ಥಿಗಳು ಈ ದಾರಿಯನ್ನು ಗಂಭೀರವಾಗಿ ಯೋಚಿಸಬೇಕು. ಮಗ್ಗ ಬಲ್ಲವರು ಪಕ್ಕದ ಓಣಿಯಲ್ಲೇ ಇದ್ದಾರೆ. ಅವರನ್ನು ಕಾಲೇಜಿಗೆ ಕರೆದು ಶಾಲು ಹೊದಿಸಿ ಕಳಿಸುವುದಕ್ಕಿಂತ, ಕಲಿಸಿದ ದಿನಗಳಿಗೆ ಕೂಲಿ ಕೊಡಿ.

ಒಂದು ಎಚ್ಚರಿಕೆ: ಈ ಪಟ್ಟಿಗಳಿಂದ ರೊಟ್ಟಿ ಬುಟ್ಟಿ, ಊಟದ ತಟ್ಟೆಯಡಿಯ ಹಾಸು ಮಾಡಬೇಡಿ. ಮೇಲಿನ ಮುದ್ರಣದ ಶಾಯಿ ಬಿಸಿ ಆಹಾರಕ್ಕೆ ತಾಗುವುದಕ್ಕಾಗಿ ತಯಾರಾದದ್ದಲ್ಲ.

ಕರಗಿಸಿ ಟೈಲ್ಸ್ ಮಾಡುವ ವಿಡಿಯೊ ನೋಡಿದ್ದೇವೆ. ನಮ್ಮ ಶಾಲೆಯಲ್ಲಿ ಮಾಡಬಹುದೇ?

ಬೇಡ. ದಯವಿಟ್ಟು ಬೇಡ.

ಹಳೆಯ ಬಾಣಲೆಯಲ್ಲಿ ಪ್ಲಾಸ್ಟಿಕ್ ಕಾಯಿಸಿ ಮರಳು ಬೆರೆಸಿ ಅಚ್ಚಿಗೆ ಸುರಿಯುವ ವಿಡಿಯೊಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೊಗೆ ಯಾರ ಮೂಗಿಗೆ ಹೋಗುತ್ತಿದೆ ಎಂದು ನೋಡಿ. ಎಲ್‌ಡಿಪಿಇ ಸುಮಾರು 110 ಡಿಗ್ರಿಗೆ, ಎಚ್‌ಡಿಪಿಇ 130ರ ಆಸುಪಾಸಿಗೆ, ಪಾಲಿಪ್ರೊಪಿಲೀನ್ 160ಕ್ಕೆ, ಪೆಟ್ 250 ದಾಟಿದ ಮೇಲೆ ಕರಗುತ್ತವೆ. ಸೌದೆ ಒಲೆಯ ಮೇಲೆ ಉಷ್ಣತೆ ನಿಮ್ಮ ಹಿಡಿತದಲ್ಲಿರುವುದಿಲ್ಲ. ಒಂದು ಜಾತಿ ಕರಗುವ ಹೊತ್ತಿಗೆ ಇನ್ನೊಂದು ಸುಟ್ಟಿರುತ್ತದೆ. ನಡುವೆ ಒಂದು ತುಂಡು ಪಿವಿಸಿ ಸೇರಿದ್ದರೆ ಹೈಡ್ರೊಕ್ಲೋರಿಕ್ ಆಮ್ಲದ ಆವಿ ಏಳುತ್ತದೆ. ಪಿವಿಸಿ ಇರುವ ಕಸ ಸುಟ್ಟರೆ ಡಯಾಕ್ಸಿನ್‌ಗಳು ಹುಟ್ಟುತ್ತವೆ. ಅವು ಕ್ಯಾನ್ಸರ್ ತರಬಲ್ಲವು, ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಕಸವನ್ನು ಬಯಲಿನಲ್ಲಿ ಸುಡುವುದು ಕಾನೂನಿಗೂ ವಿರುದ್ಧ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಇದಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಿತು.

ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮಾತು ಸ್ವಲ್ಪ ಬೇರೆ. ನೆದರ್ಲೆಂಡ್ಸಿನ ಡೇವ್ ಹಾಕನ್ಸ್ ಆರಂಭಿಸಿದ ಪ್ರೆಷಸ್ ಪ್ಲಾಸ್ಟಿಕ್ ಎಂಬ ಬಳಗ ಚೂರು ಮಾಡುವ, ಒತ್ತುವ, ಅಚ್ಚು ಹಾಕುವ ಸಣ್ಣ ಯಂತ್ರಗಳ ನಕ್ಷೆಗಳನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ಅವುಗಳನ್ನು ಕಟ್ಟಬಹುದು. ಆದರೆ ಉಷ್ಣತೆ ನಿಯಂತ್ರಿಸುವ ಸಾಧನ, ಹೊಗೆ ಹೀರುವ ವ್ಯವಸ್ಥೆ ಮತ್ತು ಮೇಲ್ವಿಚಾರಣೆಗೆ ಒಬ್ಬ ಅಧ್ಯಾಪಕರು, ಇವು ಮೂರೂ ಇದ್ದಾಗ ಮಾತ್ರ. ಬಾಟಲಿ ಮುಚ್ಚಳಗಳಿಂದ ಆರಂಭಿಸಿ. ಹೆಚ್ಚಿನವು ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್, ಬೇರ್ಪಡಿಸಿಕೊಂಡರೆ ಒಳ್ಳೆಯ ಅಚ್ಚು ಬರುತ್ತದೆ.

ಪ್ಲಾಸ್ಟಿಕ್ ರಸ್ತೆಯ ಬಗ್ಗೆ ಏನು ಹೇಳುತ್ತೀರಿ?

ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ರೂಪಿಸಿದ ವಿಧಾನ ಅದು. ಕಾಯಿಸಿದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಹಾಕಿದರೆ ಕರಗಿ ಜಲ್ಲಿಗೆ ಲೇಪವಾಗುತ್ತದೆ, ಆಮೇಲೆ ಡಾಂಬರು ಬೆರೆಸುತ್ತಾರೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನಲ್ಲೂ ಕೆ.ಕೆ. ಪ್ಲಾಸ್ಟಿಕ್ ಸಂಸ್ಥೆ ಬಹಳ ಹಿಂದೆಯೇ ಪ್ಲಾಸ್ಟಿಕ್ ಬೆರೆಸಿದ ಡಾಂಬರು ರಸ್ತೆಗಳನ್ನು ಮಾಡಿ ತೋರಿಸಿದೆ. ವಿದ್ಯಾರ್ಥಿಗಳು ರಸ್ತೆ ಹಾಕಲಾಗದು, ಆದರೆ ಶುಚಿಯಾಗಿ ವಿಂಗಡಿಸಿದ ಪ್ಲಾಸ್ಟಿಕ್ಕನ್ನು ಇಂಥ ಕೆಲಸ ಮಾಡುವವರಿಗೆ ತಲುಪಿಸಬಹುದು.

ಮಕ್ಕಳು ಕಸ ಮುಟ್ಟುವುದನ್ನು ಪೋಷಕರು ಒಪ್ಪುವುದಿಲ್ಲ. ಏನು ಮಾಡಬೇಕು?

ಈ ಆಕ್ಷೇಪದೊಳಗೆ ಎರಡು ಎಳೆಗಳಿವೆ, ಬೇರೆಬೇರೆಯಾಗಿ ಉತ್ತರಿಸಬೇಕು.

ಒಂದು, ಆರೋಗ್ಯದ ಚಿಂತೆ. ಅದು ನ್ಯಾಯವಾದದ್ದು. ಚರಂಡಿ, ತಿಪ್ಪೆ, ಆಸ್ಪತ್ರೆಯ ಹಿಂಬದಿಯಿಂದ ಮಕ್ಕಳು ಏನನ್ನೂ ಆಯಬಾರದು. ಅವರವರ ಮನೆಯಲ್ಲಿ ಖಾಲಿಯಾದ ಪೊಟ್ಟಣವನ್ನು ಅಲ್ಲೇ ತೊಳೆದು ಒಣಗಿಸಿ ತರಲಿ. ಔಷಧಿಯ ಪಟ್ಟಿ, ಸಿರಿಂಜು, ಕೀಟನಾಶಕದ ಡಬ್ಬಿ, ಸ್ಯಾನಿಟರಿ ಪ್ಯಾಡ್ ಯಾವ ಕಾರಣಕ್ಕೂ ಬೇಡ.

ಇನ್ನೊಂದು, ಕಸ ಮುಟ್ಟುವುದು ನಮ್ಮ ಮಕ್ಕಳ ಕೆಲಸವಲ್ಲ ಎಂಬ ಭಾವನೆ. ಇದರ ಬೇರು ಎಲ್ಲಿದೆ ಎಂದು ನಮಗೆಲ್ಲ ಗೊತ್ತು. ನಮ್ಮ ಸಮಾಜ ಕಸದ ಕೆಲಸವನ್ನು ಕೆಲವೇ ಜಾತಿಗಳ ತಲೆಗೆ ಕಟ್ಟಿ, ಆ ಕೆಲಸ ಮಾಡುವವರನ್ನೇ ದೂರವಿಟ್ಟಿತು. ನಾವು ಮಾಡಿದ ಕಸವನ್ನು ನಾವು ತೊಳೆದು ಮಡಚಿಡುವುದರಲ್ಲಿ ಅವಮಾನವೇನೂ ಇಲ್ಲ ಎಂದು ಪೋಷಕರ ಸಭೆಯಲ್ಲಿ ನೇರವಾಗಿಯೇ ಹೇಳಿ. ಮೊದಲ ತರಬೇತಿಯನ್ನು ಊರಿನ ಪೌರಕಾರ್ಮಿಕರಿಂದ ಕೊಡಿಸಿ. ವಿಂಗಡಣೆಯ ವಿಚಾರದಲ್ಲಿ ಅವರಷ್ಟು ತಿಳಿದವರು ಆ ಸಭಾಂಗಣದಲ್ಲಿ ಬೇರೆ ಯಾರೂ ಇರುವುದಿಲ್ಲ. ವೇದಿಕೆಯ ಮೇಲೆ ಅವರಿಗೂ ಕುರ್ಚಿ ಹಾಕಿ, ಮಕ್ಕಳು ಅವರನ್ನು ಅಣ್ಣ, ಅಕ್ಕ ಎಂದು ಕರೆದು ಪ್ರಶ್ನೆ ಕೇಳಲಿ. ವಿಂಗಡಣೆ, ತೊಳೆಯುವ ಕೆಲಸಗಳ ಸರದಿಯಲ್ಲಿ ಎಲ್ಲ ಮಕ್ಕಳ ಹೆಸರೂ ಬರಬೇಕು. ಅದು ಮತ್ತೆ ಕೆಲವೇ ಮಕ್ಕಳ ಪಾಲಿಗೆ ಹೋಗದಂತೆ ಮೇಷ್ಟ್ರು ಕಣ್ಣಿಟ್ಟಿರಬೇಕು.

ತೊಳೆಯಲು ಖರ್ಚಾಗುವ ನೀರು ದಂಡವಲ್ಲವೇ?

ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಪೊಟ್ಟಣ ಅದ್ದಿ ತೆಗೆದರೆ ಸಾಕು. ಬೇಸಿಗೆಯಲ್ಲಿ ನೀರಿಲ್ಲದ ಊರುಗಳಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ.

ಪಂಚಾಯಿತಿಯ ನೆರವು ಬೇಕೇ? ಯಾರನ್ನು ಕಾಣಬೇಕು?

ಬೇಕು. ಮೊದಲು ಪಿಡಿಒ ಅವರನ್ನು ಕಂಡು ಒಂದು ಪುಟದ ಮನವಿ ಕೊಡಿ. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಈಗ ಒಣ ಕಸದ ಘಟಕಗಳಿವೆ, ಸ್ವಚ್ಛ ವಾಹಿನಿ ವಾಹನಗಳಿವೆ, ಅವುಗಳನ್ನು ನಡೆಸುವವರಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿದ್ದಾರೆ. ನೀವು ಬೇರೆ ಒಂದು ಸಂಗ್ರಹ ವ್ಯವಸ್ಥೆ ಹುಟ್ಟುಹಾಕುವ ಅಗತ್ಯವಿಲ್ಲ. ಅವರ ಘಟಕದಲ್ಲಿ ಬೇಡವಾಗಿ ಉಳಿಯುವ ಮಾಲನ್ನು ಕೇಳಿ ಪಡೆಯಿರಿ, ನಿಮ್ಮಲ್ಲಿ ಬಂದ ಬಾಟಲಿ ಮತ್ತು ಹಾಲಿನ ಕವರುಗಳನ್ನು ಅವರಿಗೆ ಕೊಡಿ. ಬೆಂಗಳೂರಿನಲ್ಲಿದ್ದರೆ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಹೋಗಿ. ಅವುಗಳಲ್ಲಿ ಹಲವನ್ನು ನಡೆಸುತ್ತಿರುವವರು ಹಿಂದೆ ಚಿಂದಿ ಆಯುತ್ತಿದ್ದವರೇ, ಹಸಿರು ದಳದಂಥ ಸಂಸ್ಥೆಗಳು ಅವರ ಬೆನ್ನಿಗಿವೆ. ಸರಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳುವುದು ಕ್ಷೇಮ. ಕಸ ರಾಶಿ ಬೀಳುವ ಊರಿನ ಜಾತ್ರೆಗೆ ಮುಂಚೆಯೇ ಈ ಮಾತುಕತೆ ಮುಗಿದಿರಲಿ.

ಮಾಡಿದ ವಸ್ತುಗಳನ್ನು ಮಾರಬಹುದೇ?

ಮಾರಬಹುದು, ಆದರೆ ಕನಿಕರಕ್ಕೆ ಮಾರಬೇಡಿ. ಮಕ್ಕಳು ಮಾಡಿದ್ದಲ್ಲವೇ ಎಂದು ಒಂದು ಸಲ ಕೊಂಡವರು ಎರಡನೆಯ ಸಲ ಬರುವುದಿಲ್ಲ. ಹೊಲಿಗೆ ಬಿಚ್ಚದ ಚೀಲ, ಮಳೆಗೆ ಜಗ್ಗದ ಪುಸ್ತಕದ ಹೊದಿಕೆ, ನರ್ಸರಿಯವರಿಗೆ ಬೇಕಾದ ಅಳತೆಯ ಬುಟ್ಟಿ ಇದ್ದರೆ ತಾನಾಗಿ ಹೋಗುತ್ತದೆ. ಬೆಲೆ ಕಟ್ಟುವಾಗ ಶ್ರಮದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಪೊಟ್ಟಣ ಬಿಟ್ಟಿ ಸಿಕ್ಕಿತು ಎಂದು ಹೆಣೆದವರ ಕೈಯೂ ಬಿಟ್ಟಿಯಲ್ಲ. ಸ್ವಸಹಾಯ ಸಂಘದ ಅಕ್ಕಂದಿರು ಹೊಲಿದಿದ್ದರೆ ಅವರ ಪಾಲು ಮೊದಲು, ತಂಡದ ಪಾಲು ಆಮೇಲೆ. ಲೆಕ್ಕದ ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡುವ ಹಾಗೆ ಇಡಿ.

ಇಷ್ಟೆಲ್ಲ ಮಾಡಿದ ವಸ್ತು ಹಾಳಾದ ಮೇಲೆ ಮತ್ತೆ ಕಸವೇ ಅಲ್ಲವೇ?

ಹೌದು. ಅಪ್‌ಸೈಕ್ಲಿಂಗ್ ಪ್ಲಾಸ್ಟಿಕ್ಕನ್ನು ಇಲ್ಲವಾಗಿಸುವುದಿಲ್ಲ, ಅದರ ಆಯಸ್ಸನ್ನು ಹೆಚ್ಚಿಸುತ್ತದೆ, ಅಷ್ಟೇ. ಹತ್ತಿ ನೂಲಿನ ಜೊತೆ ನೇಯ್ದ ಚೀಲವನ್ನು ಮುಂದೆ ಯಾರೂ ಬೇರ್ಪಡಿಸಲಾರರು. ಆದ್ದರಿಂದ ಮಾಡುವಾಗಲೇ ಕೊನೆಯನ್ನೂ ಯೋಚಿಸಿ. ಅಂಟು, ಬಣ್ಣ, ಗ್ಲಿಟ್ಟರ್ ಕಡಿಮೆ ಬಳಸಿ. ಹರಿದ ಚೀಲವನ್ನು ಮರಳಿ ತಂದುಕೊಟ್ಟರೆ ರಿಪೇರಿ ಮಾಡಿಕೊಡುತ್ತೇವೆ ಎಂದು ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ. ರಿಪೇರಿಗೂ ಒಗ್ಗದ್ದನ್ನು ಒಣ ಕಸಕ್ಕೇ ಹಾಕಬೇಕು. ಅಲ್ಲಿಂದ ಅದು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಇಂಧನವಾಗಿ ಹೋಗಬಹುದು. 1,400 ಡಿಗ್ರಿಗೂ ಮೇಲಿನ ಆ ಶಾಖಕ್ಕೂ ಬೀದಿ ಬದಿಯ ಬೆಂಕಿಗೂ ಹೋಲಿಕೆಯಿಲ್ಲ.

ಈ ಸತ್ಯವನ್ನು ಮಕ್ಕಳಿಂದ ಮುಚ್ಚಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತುಂಬಿದ ಬಾಟಲಿಗಳ ರಾಶಿ ನೋಡಿ ಸಮಸ್ಯೆ ತೀರಿತು ಎಂದು ಮಗು ಮನೆಗೆ ಹೋದರೆ ನಾವು ಅದಕ್ಕೆ ಸುಳ್ಳು ಕಲಿಸಿದ್ದೇವೆ.

ಹಾಗಾದರೆ ಬಳಕೆ ಕಡಿಮೆ ಮಾಡಿ ಎನ್ನುವ ಬದಲು ಇದನ್ನೇಕೆ ಮಾಡಬೇಕು?

ಎರಡನ್ನೂ ಮಾಡಬೇಕು, ಮತ್ತು ಒಂದರಿಂದ ಇನ್ನೊಂದಕ್ಕೆ ದಾರಿಯಿದೆ. ಒಂದು ಬಾಟಲಿಗೆ ನೂರು ಪೊಟ್ಟಣ ತುರುಕಿದ ಹುಡುಗಿಗೆ, ಆ ನೂರರಲ್ಲಿ ತನ್ನ ತರಗತಿಯದ್ದು ಎಷ್ಟು ಎಂದು ಗೊತ್ತಾಗಿರುತ್ತದೆ. ಆ ತಿಳಿವಳಿಕೆಯನ್ನು ಕಾಗದಕ್ಕೆ ಇಳಿಸಿ. ತೊಳೆದ ಪೊಟ್ಟಣಗಳನ್ನು ಕಂಪನಿಯ ಪ್ರಕಾರ ವಿಂಗಡಿಸಿ ಎಣಿಸಿ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ತಮ್ಮ ಪ್ಯಾಕೇಜಿಂಗ್ ಕಸಕ್ಕೆ ತಯಾರಕರೂ ಹೊಣೆಗಾರರು. ನಿಮ್ಮ ಎಣಿಕೆಯನ್ನು ಆ ಕಂಪನಿಗಳಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಪತ್ರ ಬರೆದು ಕಳಿಸಿ.

ಕ್ಯಾಂಟೀನಿನವರ ಜೊತೆಯೂ ಕುಳಿತು ಮಾತಾಡಿ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಏಕಬಳಕೆಯ ಹಲವು ವಸ್ತುಗಳು ನಿಷಿದ್ಧ. ಹೀಗಿದ್ದೂ ಕಾಲೇಜಿನ ವಾರ್ಷಿಕೋತ್ಸವದಲ್ಲೇ ಅವು ಕಾಣಿಸುತ್ತವೆ. ಅಲ್ಲಿ ಸ್ಟೀಲ್ ಲೋಟ, ಬಾಳೆ ಎಲೆ, ಮುತ್ತುಗದ ಎಲೆಯ ಪತ್ರಾವಳಿ ತರಿಸುವುದು ನಿಮ್ಮ ತಂಡದ ಮೊದಲ ಗೆಲುವಾಗಲಿ.

ಪರೀಕ್ಷೆಯ ಒತ್ತಡದ ನಡುವೆ ಸಮಯ ಎಲ್ಲಿದೆ? ಹಿರಿಯರು ಕಾಲೇಜು ಬಿಟ್ಟ ಮೇಲೆ ಯಾರು ನೋಡಿಕೊಳ್ಳುವುದು?

ಎನ್‌ಎಸ್‌ಎಸ್ ಸ್ವಯಂಸೇವಕರಿಗೆ ವರ್ಷಕ್ಕೆ 120 ಗಂಟೆಗಳ ಸೇವೆ ಹೇಗೂ ಇದೆ, ಅದರಲ್ಲೇ ಹೊಂದಿಸಿ. ದತ್ತು ಗ್ರಾಮದ ಏಳು ದಿನಗಳ ಶಿಬಿರದಲ್ಲಿ ಎಲ್ಲವನ್ನೂ ಮುಗಿಸಿಬಿಡುವ ಉತ್ಸಾಹ ಬೇಡ. ಶಿಬಿರದಲ್ಲಿ ಹೆಣಿಗೆ ಕಲಿತ ಊರಿನ ಹೆಣ್ಣುಮಕ್ಕಳನ್ನು ಆಮೇಲೆ ಆರು ತಿಂಗಳು ಯಾರೂ ವಿಚಾರಿಸದಿದ್ದರೆ ಅವರ ಮನೆಯಲ್ಲಿ ಕತ್ತರಿಸಿಟ್ಟ ಪಟ್ಟಿಗಳ ಮೂಟೆಯಷ್ಟೇ ಉಳಿಯುತ್ತದೆ.

ಎರಡನೆಯ ವರ್ಷದವರು ಮುಂದಾಳುಗಳಾಗಲಿ, ಅಂತಿಮ ವರ್ಷದವರು ಸಲಹೆಗಾರರಾಗಿ ಹಿಂದೆ ಸರಿಯಲಿ. ಯಾರಿಂದ ಮಾಲು ಬರುತ್ತದೆ, ಕೋಣೆಯ ಬೀಗದ ಕೈ ಯಾರ ಬಳಿ, ಯಾವ ಗುಜರಿಯವರು ಏನು ಕೊಳ್ಳುತ್ತಾರೆ, ಯಾರಿಗೆ ಎಷ್ಟು ಬಾಕಿ ಎಂಬುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿರಲಿ.

ನಾಳೆಯೇ ಆರಂಭಿಸಬೇಕು. ಮೊದಲ ವಾರ ಏನು ಮಾಡಬೇಕು?

ಏನನ್ನೂ ತಯಾರಿಸಬೇಡಿ. ಒಂದು ತಕ್ಕಡಿ, ನಾಲ್ಕು ಚೀಲ ತೆಗೆದುಕೊಂಡು ಶಾಲೆಯ ಒಂದು ವಾರದ ಒಣ ಕಸವನ್ನು ಬಾಟಲಿ, ಹಾಲಿನ ಕವರ್, ಪದರ ಪೊಟ್ಟಣ, ಇತರೆ ಎಂದು ವಿಂಗಡಿಸಿ ತೂಗಿ. ಶನಿವಾರ ಮಧ್ಯಾಹ್ನ ನಾಲ್ಕೂ ಚೀಲಗಳನ್ನು ಗುಜರಿ ಅಂಗಡಿಗೆ ಹೊತ್ತೊಯ್ದು, ಯಾವುದಕ್ಕೆ ಎಷ್ಟು ಕೊಡುತ್ತೀರಿ ಅಣ್ಣಾ ಎಂದು ಕೇಳಿ ಬರೆದುಕೊಳ್ಳಿ. ಅವರು ಕೊಳ್ಳುವುದನ್ನು ಅಲ್ಲೇ ಮಾರಿ ಬನ್ನಿ, ಆ ದುಡ್ಡಿನಿಂದ ಕತ್ತರಿ, ಸಾಬೂನು, ಕೈಗವಸು ಕೊಳ್ಳಬಹುದು. ಅವರು ವಾಪಸು ಕೊಟ್ಟ ಚೀಲವನ್ನು ಸೋಮವಾರ ತರಗತಿಗೆ ತಂದು ಮೇಜಿನ ಮೇಲೆ ಸುರಿದು, ಊರಿನಲ್ಲಿ ಯಾರಿಗೆ ಏನು ಬೇಕಾಗಿದೆ ಎಂದು ಮಕ್ಕಳನ್ನು ಕೇಳಿ.